ಚಿಕ್ಕಬಳ್ಳಾಪುರ, ಕೋಲಾರ ಸುತ್ತಲು ಸ್ವಂತ ಸೈಕಲ್ ತರಬೇಕೇ, ಅಲ್ಲೇ ಹೊಂದಿಸಿಕೊಳ್ಳಬೇಕೇ? ಅನುಭವ ಇರುವವರು ತಿಳಿಸಿ

ಧಾರವಾಡದಿಂದ (ಪ್ರಶ್ನೆ)
ಮಾಘ ಮಾಸದಲ್ಲಿ ಚಿಕ್ಕಬಳ್ಳಾಪುರದಲ್ಲಿ ನೆಂಟರ ಮದುವೆ ಇದೆ. ಮುಗಿದ ಮೇಲೆ ಒಂದು ವಾರ ಉಳಿದು ಸುತ್ತಲಿನ ಊರುಗಳನ್ನು ಸೈಕಲ್ಲಿನಲ್ಲಿ ನೋಡುವ ಆಸೆ. ನನ್ನದು 700ಸಿ ಅಳತೆಯ ಗಾಲಿಯ ಹೈಬ್ರಿಡ್ (ಡಾಂಬರಿಗೂ ಮಣ್ಣಿನ ದಾರಿಗೂ ಆಗುವ ಗೇರ್ ಸೈಕಲ್). ಅದನ್ನು ಬಸ್ಸಿನಲ್ಲಿ ಹಾಕಿಕೊಂಡು ಬರಲೇ, ಬೆಂಗಳೂರಿನಲ್ಲಿ ಬಾಡಿಗೆಗೆ ಪಡೆಯಲೇ? ವಯಸ್ಸು 52, ಬಲ ಮೊಣಕಾಲು ನೋಯುತ್ತದೆ. ಬೆಟ್ಟ ಹತ್ತಲೇಬೇಕೆಂಬ ಹಟವಿಲ್ಲ.

ಕೋಲಾರದ ಮಗಳು, ಈಗ ಮೈಸೂರು
ಎರಡೂ ಬೇಡ. ಊರಿಗೆ ಬಂದು ಹಳೆಯ ಸೈಕಲ್ ಕೊಳ್ಳಿ, ಹೋಗುವಾಗ ಮಾರಿ. ತವರಿಗೆ ಬಂದಾಗ ನಾನು ಮಾಡಿದ್ದು ಅದನ್ನೇ. ಅಡ್ಡಕಂಬಿ ಇಲ್ಲದ 28 ಇಂಚಿನ ಸೈಕಲ್ಲಿಗೆ 2,200 ರೂಪಾಯಿ. ಚೈನ್ 180, ಬ್ರೇಕ್ ಕಟ್ಟೆಗಳು 60, ಸೀಟು 350, ಪೂರ್ತಿ ಬಿಚ್ಚಿ ಗ್ರೀಸ್ ಹಾಕಿದ್ದಕ್ಕೆ 400. ಒಟ್ಟು 3,190. ಮಾರಿದ್ದು 1,800ಕ್ಕೆ. ಅಂದರೆ 1,390 ರೂಪಾಯಿಯಲ್ಲಿ ರಜೆಯಿಡೀ ಓಡಾಡಿದೆ.

ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಸ್ಥಾನ ಎರಡೂ ಊರೊಳಗೇ ಇವೆ. ಅಂತರಗಂಗೆ ಊರಿನ ಅಂಚಿನಲ್ಲಿದೆ. ತೇರಹಳ್ಳಿಯ ಏರಿನಲ್ಲಿ ಗೇರಿಲ್ಲದ ಸೈಕಲ್ ತುಳಿಯಲಾಗದು, ಇಳಿದು ತಳ್ಳಿದೆ. ಶತಶೃಂಗ ಬೆಟ್ಟಸಾಲಿನ ಆ ಬಂಡೆಗಳನ್ನು ನೋಡಲು ನಡಿಗೆಯ ವೇಗವೇ ಸರಿ.

ನರಸಾಪುರದ ಕಡೆ ಕೆರೆ ಏರಿಯ ಮೇಲೆ ಹೋಗುವಾಗ ಎರಡು ಗಾಲಿಯ ಗಾಳಿಯೂ ಒಟ್ಟಿಗೆ ಇಳಿಯಿತು. ನೆಗ್ಗಿಲು ಮುಳ್ಳು. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಹಳ್ಳಿಯ ಅಂಗಡಿಯವರು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ ಹಿಂಡಿದಾಗ ಐದು ಕಡೆ ಗುಳ್ಳೆ ಎದ್ದವು. ಐದಕ್ಕೂ ತೇಪೆ ಹಾಕಿ, ಗಾಳಿ ತುಂಬಿ 100 ರೂಪಾಯಿ ತೆಗೆದುಕೊಂಡರು. 700ಸಿ ಗಾಲಿಯಾಗಿದ್ದರೆ ಅವರ ಪಂಪಿನ ಬಾಯಿ ಅಂಥ ಗಾಲಿಗಳಲ್ಲಿ ಹೆಚ್ಚಾಗಿ ಇರುವ ತೆಳು ವಾಲ್ವಿಗೆ ಕೂರುತ್ತಲೇ ಇರಲಿಲ್ಲ.

ಗುಬ್ಬಿ
ಪಂಪಿಗೆ ಹಾಕುವ ಹಿತ್ತಾಳೆಯ ಅಡಾಪ್ಟರ್ 30 ರೂಪಾಯಿಗೆ ಸಿಗುತ್ತದೆ. ಅದೊಂದು ಜೇಬಿನಲ್ಲಿದ್ದರೆ ಯಾವ ಅಂಗಡಿಯಲ್ಲೂ ಗಾಳಿ ತುಂಬಿಸಬಹುದು. ಅದಕ್ಕಾಗಿ ಒಳ್ಳೆಯ ಸೈಕಲ್ಲನ್ನು ಮನೆಯಲ್ಲಿ ಬಿಟ್ಟು ಬನ್ನಿ ಎಂದು ಹೇಳುವುದು ಸರಿಯಲ್ಲ.

ನಾನು ದಾವಣಗೆರೆಯಿಂದ ಸ್ವಂತ ಸೈಕಲ್ ತಂದವನು. ಖಾಸಗಿ ಬಸ್ಸಿನ ಡಿಕ್ಕಿಯಲ್ಲಿ. ರಟ್ಟಿನ ಪೆಟ್ಟಿಗೆಗೆ 150, ಫೋಮಿಗೆ 90, ಲಗೇಜ್ ಎಂದು 600, ಇಳಿಸುವಾಗ ಸಹಾಯಕ ಕೇಳಿ ಪಡೆದ 200. ಪೆಟ್ಟಿಗೆಯ ಮೇಲೆ ದಾರಿಯಲ್ಲಿ ಯಾರದೋ ಅಕ್ಕಿ ಮೂಟೆ ಹೇರಿದ್ದರು. ಬಿಚ್ಚಿದಾಗ ಹಿಂದಿನ ಗೇರ್ ತೂಗುವ ಹ್ಯಾಂಗರ್ ಒಳಕ್ಕೆ ಬಾಗಿತ್ತು. ದೊಡ್ಡ ಹಲ್ಲಿನ ಗೇರಿಗೆ ಹಾಕಿದರೆ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಗಾಲಿಯ ಕಡ್ಡಿಗಳಿಗೆ ತಾಗುತ್ತಿತ್ತು. ತುಮಕೂರಿನಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ಆ ಮಾದರಿಯ ಹ್ಯಾಂಗರ್ ಇರಲಿಲ್ಲ. ಬೆಂಗಳೂರಿಗೆ ಹೋಗಿಬರಲು 280, ಹ್ಯಾಂಗರಿಗೆ 650, ಕೂಡಿಸಿ ಗೇರ್ ಹೊಂದಿಸಿದ್ದಕ್ಕೆ 300. ಕೂಡಿದರೆ 2,270.

ಇಷ್ಟಾದರೂ ಮುಂದಿನ ಸಲವೂ ಸ್ವಂತ ಸೈಕಲ್ಲನ್ನೇ ತರುತ್ತೇನೆ. ತುಮಕೂರಿನ ಬಳಿಯ ಕೈದಾಳದ ಚೆನ್ನಿಗರಾಯನ ಗುಡಿ, ಅಲ್ಲಿಂದ ಗೂಳೂರು, ತೆಂಗಿನ ತೋಟಗಳ ನಡುವಿನ ದಾರಿಗಳು, ಇನ್ನೊಂದು ದಿನ ನಾಮದ ಚಿಲುಮೆ, ದೇವರಾಯನದುರ್ಗ. ಮೈಗೆ ಹೊಂದಿದ ಸೀಟು, ಹೊಂದಿದ ಹ್ಯಾಂಡಲ್ ಇಲ್ಲದೆ ಇಷ್ಟು ಸುತ್ತಿದರೆ ಸೊಂಟ ಉಳಿಯುವುದಿಲ್ಲ. ದುರ್ಗದ ಕಾಡಿನಲ್ಲಿ ಚಿರತೆ, ಕರಡಿ ಇವೆ. ಬೆಳಕು ಹರಿಯುವ ಮುನ್ನ ಹೋಗಬೇಡಿ.

ತುಮಕೂರು, ಮಡಚುವ ಸೈಕಲ್
ಇಬ್ಬರೂ ಸಾವಿರಗಟ್ಟಲೆ ಕಳೆದುಕೊಂಡು ಇಬ್ಬರೂ ತಮ್ಮದೇ ಸರಿ ಎನ್ನುತ್ತಿದ್ದೀರಿ. 20 ಇಂಚಿನ ಮಡಚುವ ಸೈಕಲ್ ತೆಗೆದುಕೊಳ್ಳಿ. ನನ್ನದಕ್ಕೆ ಬಳಸಿದ ಸ್ಥಿತಿಯಲ್ಲಿ 11,500 ಕೊಟ್ಟೆ. ಚೀಲ ಹೊಲಿಸಲು 700. ಮಡಚಿ ಚೀಲದಲ್ಲಿಟ್ಟರೆ ರೈಲಿನಲ್ಲಿ ಬಾಗಿಲ ಪಕ್ಕ ನಿಲ್ಲುತ್ತದೆ, ಬೆಂಗಳೂರು ಮೆಟ್ರೊದಲ್ಲೂ ಒಯ್ಯಬಹುದು. ಹಸಿರು ಮಾರ್ಗ ಈಗ ಮಾದಾವರದವರೆಗೆ ಬಂದಿರುವುದರಿಂದ ನಗರದ ವಾಹನಗಳ ಕಾಟವಿಲ್ಲದೆ ತುಮಕೂರು ರಸ್ತೆ ಸೇರುತ್ತೇನೆ. ಟ್ಯೂಬಿನ ಚಿಂತೆಯೂ ಇಲ್ಲ. ಮಕ್ಕಳ ಸೈಕಲ್ಲಿನ 20 ಇಂಚಿನ ಟ್ಯೂಬೇ ಇದಕ್ಕೂ ಆಗುತ್ತದೆ, ಅದು ಹೋಬಳಿ ಮಟ್ಟದ ಅಂಗಡಿಯಲ್ಲೂ ಸಿಗುತ್ತದೆ.

ಗುಬ್ಬಿ
ಆ ಚಿಕ್ಕ ಗಾಲಿ ಗುಂಡಿಗೆ ಇಳಿದರೆ ಸವಾರ ಮುಂದಕ್ಕೆ ಬೀಳುತ್ತಾನೆ. ನನ್ನ ಭಾವನ ಮಣಿಕಟ್ಟು ಮುರಿದದ್ದು ಹಾಗೆಯೇ. ಎಕ್ಸ್‌ರೇ ಮತ್ತು ಪ್ಲಾಸ್ಟರಿಗೆ 4,300 ಕೊಟ್ಟೆವು.

ತುಮಕೂರು, ಮಡಚುವ ಸೈಕಲ್
ಗುಂಡಿಗೆ ಇಳಿಸಿದ್ದು ನಿಮ್ಮ ಭಾವ, ಗಾಲಿಯಲ್ಲ.

ಗುಬ್ಬಿ
ಮನೆಯವರ ಪೆಟ್ಟಿನ ಬಗ್ಗೆ ಹೀಗೆ ಬರೆಯಬೇಡಿ.

ಚಿಕ್ಕಬಳ್ಳಾಪುರದಲ್ಲೇ ಹುಟ್ಟಿದವನು
ನೀವೆಲ್ಲ ಸೈಕಲ್ಲಿನ ಬಗ್ಗೆ ಮಾತನಾಡುತ್ತಿದ್ದೀರಿ, ರಸ್ತೆಯ ಬಗ್ಗೆ ಒಬ್ಬರೂ ಮಾತನಾಡುತ್ತಿಲ್ಲ. ನಮ್ಮ ಕಡೆ ಕ್ವಾರಿಯ ಟಿಪ್ಪರ್‌ಗಳಿವೆ. ತಿರುವಿನಲ್ಲಿ ಜಲ್ಲಿ ಚೆಲ್ಲಿರುತ್ತದೆ. ಅದರ ಮೇಲೆ ಬ್ರೇಕ್ ಹಿಡಿದರೆ ಯಾವ ಗಾಲಿಯೂ ನಿಲ್ಲುವುದಿಲ್ಲ. ಕನ್ನಡಿ ಹಾಕಿಸಿಕೊಳ್ಳಿ, 120 ರೂಪಾಯಿ. ನನ್ನ ಪ್ರಾಣ ಉಳಿಸಿದ್ದು ಹೆಲ್ಮೆಟ್ಟಲ್ಲ, ಕನ್ನಡಿ. ಹಿಂದಿನಿಂದ ಬರುತ್ತಿರುವುದನ್ನು ನೋಡಿ ಸೈಕಲ್ ಸಮೇತ ಹಿಪ್ಪುನೇರಳೆ ತೋಟಕ್ಕೆ ಇಳಿದೆ.

ಬೆಂಗಳೂರಿನಿಂದ ಬರುವ ಸೈಕಲ್ ತಂಡಗಳು ನಂದಿ ಬೆಟ್ಟದ ಬುಡದಿಂದ ತುದಿಯವರೆಗಿನ ಎಂಟು ಕಿಲೋಮೀಟರ್ ಏರಿ, ಸಮಯ ಬರೆದುಕೊಂಡು, ಇಳಿದು ಹೋಗುತ್ತವೆ. ಬುಡದಲ್ಲೇ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವಿದೆ. ಅದರ ಕಲ್ಯಾಣಿಯ ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತವರನ್ನು ನಾನು ಆ ತಂಡಗಳಲ್ಲಿ ಕಂಡಿಲ್ಲ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಇದೆ. ರಂಗಸ್ಥಳದ ರಂಗನಾಥನ ಗುಡಿ ಊರಿಗೆ ಹತ್ತಿರ. ಶಿಡ್ಲಘಟ್ಟಕ್ಕೆ ಬೆಳಿಗ್ಗೆ ಹೋದರೆ ರೇಷ್ಮೆ ಗೂಡಿನ ಹರಾಜು ನೋಡಬಹುದು. ಇವೆಲ್ಲ ಸೈಕಲ್ಲಿನ ದೂರಗಳು.

ಯಲಹಂಕ
ನಂದಿ ಏರುವುದೂ ಸೈಕಲ್ ಸವಾರಿಯೇ. 1,478 ಮೀಟರ್ ಎತ್ತರದ ಬೆಟ್ಟದ ತುದಿ ಮುಟ್ಟಲು ತಿಂಗಳುಗಟ್ಟಲೆ ತಯಾರಿ ಮಾಡಿದ್ದೇನೆ. ಗುಡಿಯಲ್ಲಿ ಕೂರಲಿಲ್ಲ ಎಂದು ನನ್ನ ಶ್ರಮವನ್ನು ಹೀಯಾಳಿಸುವ ಹಕ್ಕು ನಿಮಗಿಲ್ಲ.

ಬಾಡಿಗೆಯ ವಿಚಾರ. ಸ್ವಂತದ್ದು ಕೊಳ್ಳುವ ಮೊದಲು ದಿನಕ್ಕೆ 500ರಂತೆ ಒಂದು ಕಡೆ ಪಡೆದಿದ್ದೆ, ಠೇವಣಿ 5,000. ಹಿಂತಿರುಗಿಸುವಾಗ ಚೌಕಟ್ಟಿನ ಮೇಲೆ ಗೀರುಗಳಿವೆಯೆಂದು 1,200 ಹಿಡಿದುಕೊಂಡರು. ಪಡೆಯುವಾಗಲೇ ನಾನು ತೆಗೆದಿದ್ದ ಫೋಟೊ ತೋರಿಸಿದೆ. ಅದರಲ್ಲಿ ಅದೇ ಗೀರುಗಳಿದ್ದವು. ಆದರೂ 800 ಮಾತ್ರ ವಾಪಸ್ ಕೊಟ್ಟರು. ಉಳಿದ 400 ಇಂದಿಗೂ ಬಂದಿಲ್ಲ.

ಕೋಲಾರದ ಮಗಳು, ಈಗ ಮೈಸೂರು
ಅದಕ್ಕೇ ನಾನು ಕೊಂಡುಬಿಡಿ ಎಂದದ್ದು. ನೀರಿನ ಬಗ್ಗೆ ಒಂದು ಮಾತು. ನಮ್ಮ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಸಿಕ್ಕ ನಲ್ಲಿಯಲ್ಲಿ ಕುಡಿಯಬೇಡಿ. ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿದರೆ ಒಂದೇ ಸಲಕ್ಕೆ 20 ಲೀಟರ್ ಸುರಿಯುತ್ತದೆ, ನಿಮ್ಮ ಬಳಿ ಇರುವುದು ಎರಡು ಬಾಟಲಿ. ಕ್ಯಾನ್ ಹಿಡಿದು ಯಾರಾದರೂ ಬರುವವರೆಗೆ ಕಾದು, ನಾಣ್ಯ ನೀವೇ ಹಾಕಿ, ಮೊದಲು ಬಾಟಲಿ ತುಂಬಿಸಿಕೊಂಡು ಉಳಿದದ್ದನ್ನು ಅವರ ಕ್ಯಾನಿಗೆ ಬಿಡಿ. ಕೆರೆಗಳಂತೂ ಈಗ ತುಂಬಿವೆ, ಏರಿಯ ಮೇಲಿನ ಸವಾರಿಗೆ ಸಮನಾದದ್ದಿಲ್ಲ.

ಮಾಲೂರು
ಯಾವ ನೀರಿನಿಂದ ತುಂಬಿವೆ ಎಂಬುದನ್ನೂ ಹೇಳಿ. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬರುತ್ತಿರುವುದು ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು. ಮೂರನೇ ಹಂತದ ಶುದ್ಧೀಕರಣಕ್ಕಾಗಿ ನಾವು ಇನ್ನೂ ಕೂಗುತ್ತಿದ್ದೇವೆ. ಪ್ರವಾಸಿಗರಿಗೆ ಅಂದ ತೋರಿಸುವ ಮೊದಲು ಅದನ್ನು ಹೇಳಬೇಕು.

ಕೋಲಾರದ ಮಗಳು, ಈಗ ಮೈಸೂರು
ಬಾವಿಗೆ ಇಳಿದರೂ ನೀರಿಲ್ಲದ ಕಾಲದಲ್ಲಿ ಬೆಳೆದವಳು ನಾನು. ಒಣಗಿದ ಕೆರೆಯಂಗಳದಲ್ಲಿ ಜಾಲಿ ಬೆಳೆದದ್ದನ್ನು ನೋಡಿದ್ದೇನೆ. ಕೆರೆ ತುಂಬಿದ್ದನ್ನು ಕಂಡು ಸಂತೋಷಪಟ್ಟರೆ ಅದು ತಪ್ಪೇ?

ಮಾಲೂರು
ಸಂತೋಷಪಡಿ. ಮೈಸೂರಿನಲ್ಲಿದ್ದು ಪಡಿ. ಇಲ್ಲಿ ಆ ನೀರಿನ ಪಕ್ಕದಲ್ಲಿ ಬದುಕುವವರು ನಾವು.

ಧಾರವಾಡದಿಂದ
ಎಲ್ಲರಿಗೂ ಧನ್ಯವಾದ. ಏರಿಲ್ಲದ ದಾರಿ ಯಾವುದು ಎಂದು ಯಾರಾದರೂ ಹೇಳಬಹುದೇ? ಮತ್ತು 28 ಇಂಚಿನ ಹಳ್ಳಿ ಟ್ಯೂಬನ್ನು ನನ್ನ 700ಸಿ ಗಾಲಿಗೆ ತುರುಕಬಹುದು ಎಂದು ಇಲ್ಲಿನ ಮೆಕ್ಯಾನಿಕ್ ಹೇಳುತ್ತಾರೆ. ನಿಜವೇ?

ಗುಬ್ಬಿ
ತುರುಕಬಹುದು. ಸ್ವಲ್ಪ ಸುಕ್ಕಾಗುತ್ತದೆ, ಅಷ್ಟೇ. ಹಾಗೆ ಮಾಡಿಯೇ ನಾನು ಮನೆ ಸೇರಿದ್ದೇನೆ.

ತುಮಕೂರು, ಮಡಚುವ ಸೈಕಲ್
ತೆಳು ವಾಲ್ವಿನ ರಿಮ್ಮಿನ ರಂಧ್ರ ಆರೂವರೆ ಮಿಲಿಮೀಟರ್. ಹಳ್ಳಿಯ ಟ್ಯೂಬಿನ ವಾಲ್ವಿಗೆ ಎಂಟೂವರೆ ಬೇಕು. ಹೇಗೆ ತೂರಿಸಿದಿರಿ?

ಗುಬ್ಬಿ
ಅಂಗಡಿಯವರು ರಿಮ್ಮನ್ನು ಡ್ರಿಲ್ಲಿನಿಂದ ಕೊರೆದು ಅಗಲ ಮಾಡಿಕೊಟ್ಟರು. 50 ರೂಪಾಯಿ.

ತುಮಕೂರು, ಮಡಚುವ ಸೈಕಲ್
ಧಾರವಾಡದವರೇ, ದಯವಿಟ್ಟು ರಿಮ್ ಕೊರೆಸಬೇಡಿ. ಎರಡು ಟ್ಯೂಬ್ ಹೆಚ್ಚಿಗೆ ತನ್ನಿ.

ಚಿಕ್ಕಬಳ್ಳಾಪುರದಲ್ಲೇ ಹುಟ್ಟಿದವನು
ಮೊಣಕಾಲಿಗೆ ಗೌರಿಬಿದನೂರಿನ ಕಡೆ ಹೋಗಿ. ಸೈಕಲ್ಲನ್ನು ಆ ಊರಿನವರೆಗೆ ಗೂಡ್ಸ್ ಆಟೊದಲ್ಲಿ ಹಾಕಿಕೊಳ್ಳಿ, ಅಲ್ಲಿಂದ ವಿದುರಾಶ್ವತ್ಥಕ್ಕೆ ದಾರಿ ಹೆಚ್ಚು ಕಡಿಮೆ ಸಮತಟ್ಟು. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿದ ಜಾಗ ಅದು, ಸ್ಮಾರಕವಿದೆ. ಊಟಕ್ಕೆ ಮಧ್ಯಾಹ್ನದ ಒಳಗೆ ಗೌರಿಬಿದನೂರಿಗೆ ಮರಳಿಬಿಡಿ.

ಯಲಹಂಕ
ನಂದಿಯ ಬಗ್ಗೆ ನಾನು ಹೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.