ಈ ವಾರದ ಸಮಸ್ಯೆ: ಅಂಟಿನ ಕೈಯೇ ಅಂಟನು ಬಿಡಿಸಿತು

ಪೃಚ್ಛಕ:
ಹೋದ ಸಲ ಪುರಾಣ ಜಾಸ್ತಿಯಾಯಿತು ಎಂದು ಗೊಣಗಿದಿರಿ. ಸರಿ, ಈ ವಾರ ಅಮೆರಿಕದ ಕಾಮಿಕ್ಸ್. ಅದೂ ದೊಡ್ಡ ಖಳನಲ್ಲ, ಮಾರ್ವೆಲ್ ಕಥೆಗಳ ಮೂಲೆಯಲ್ಲಿ ನಿಂತ ಒಬ್ಬ ಪುಡಿ ಖಳ. ಆಟ ಎಂದಿನದೇ: ಕೊನೆಯ ಸಾಲು ನಾನು ಕೊಡುತ್ತೇನೆ, ಮೇಲಿನ ಮೂರು ಸಾಲು ಕಟ್ಟಿ ಪೂರಣ ಮಾಡುವುದು ನಿಮ್ಮ ಕೆಲಸ. ಸಾಲು ಇದು:

ಅಂಟಿನ ಕೈಯೇ ಅಂಟನು ಬಿಡಿಸಿತು

ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 (ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು). ಚೌಪದಿಯೇ ಆಗಬೇಕು, ಅಂದರೆ ನಾಲ್ಕು ಸಾಲಿನ ಪದ್ಯ. ಆದಿಪ್ರಾಸ, ಅಂದರೆ ಎಲ್ಲ ಸಾಲಿನ ಎರಡನೇ ಅಕ್ಷರದ ಹೊಂದಿಕೆ, ಬಿಡುವಂತಿಲ್ಲ: ಸೊನ್ನೆ, ಅದರ ಮುಂದೆ ಟಕಾರ. ನಂಟು, ಗಂಟು, ಒಂಟಿ, ಬಂಟ, ತಂಟೆ… ಕನ್ನಡದಲ್ಲಿ ಇದಕ್ಕೆ ಬರವಿಲ್ಲ. ಅಂಟಿಸುವ ಕೈ ಬಿಡಿಸಿದ್ದು ಹೇಗೆ? ಅದೇ ಸಮಸ್ಯೆ.

ಹಲಸುಪ್ರಿಯ:
ಕಾಮಿಕ್ಸ್ ಓದಿದವನಲ್ಲ. ಆದರೆ ಅಂಟು ಅಂದಕೂಡಲೇ ಕೈ ತುರಿಸಿತು.

ಕುಂಟುತ ಬಂದಳು ಎಣ್ಣೆಯ ತಂದಳು
ಎಂಟೇ ತೊಳೆಯನು ಬಿಡಿಸಿದಳಜ್ಜಿಯು
ಅಂಟಿನ ಮೇಣವು ಬೆರಳಿಗೆ ಮೆತ್ತಲು
ಅಂಟಿನ ಕೈಯೇ ಅಂಟನು ಬಿಡಿಸಿತು

ಮಾತ್ರೆ ಎಣಿಸೋ ಅಕ್ಕ:
ಮಾತ್ರೆ ಸರಿ, ಪ್ರಾಸ ಸರಿ, ಬಾಯಲ್ಲಿ ನೀರೂ ಬಂತು. ಆದರೆ ಮೇಣ ಬಿಡಿಸಿದ್ದು ಎಣ್ಣೆ, ಕೈಯಲ್ಲ. ಸಮಸ್ಯೆ ಹಾಗೇ ಉಳಿಯಿತು, ಅಲ್ವಾ?

ಪೃಚ್ಛಕ:
ಅಕ್ಕ ಹೇಳಿದ್ದೇ ಸರಿ. ಅಜ್ಜಿಗೆ ನಮಸ್ಕಾರ ಹೇಳಿ, ಖಳನ ಕಡೆ ಬನ್ನಿ.

ಅವನ ಹೆಸರು ಪೀಟರ್ ಪೆಟ್ರುಸ್ಕಿ. ಇಂಡಿಯಾನಾ ರಾಜ್ಯದ ಗ್ಯಾರಿ ಊರಿನವನು. ಓದಿದ್ದು, ಪಳಗಿದ್ದು ರಸಾಯನಶಾಸ್ತ್ರದಲ್ಲಿ. ಎಂಥದ್ದಕ್ಕೂ ಹಿಡಿಯುವ ಒಂದು ಅಂಟನ್ನು ಕಂಡುಹಿಡಿದ. ಬೇರೆ ಯಾರಾದರೂ ಅದನ್ನು ಮಾರಿ ದುಡ್ಡು ಮಾಡುತ್ತಿದ್ದರು. ಇವನು ಅದನ್ನು ಉಗುಳುವ ಬಂದೂಕು ಮಾಡಿಕೊಂಡು ಬ್ಯಾಂಕಿಗೆ ನುಗ್ಗಿದ. ಮೊದಲು ಕಾಣಿಸಿಕೊಂಡದ್ದು 1963ರ ಜನವರಿಯ 'ಸ್ಟ್ರೇಂಜ್ ಟೇಲ್ಸ್' 104ನೇ ಸಂಚಿಕೆಯಲ್ಲಿ, ಹ್ಯೂಮನ್ ಟಾರ್ಚ್‌ನ ಎದುರಾಳಿಯಾಗಿ. ಕಥೆ ಸ್ಟ್ಯಾನ್ ಲೀ, ಮಾತು ಲ್ಯಾರಿ ಲೀಬರ್, ಚಿತ್ರ ಜ್ಯಾಕ್ ಕರ್ಬಿ. ವೇಷ ನೋಡಬೇಕು ನೀವು: ಚಿತ್ರ ಬರೆಯುವವರ ಹಾಗೆ ದೊಗಲೆ ನಿಲುವಂಗಿ, ದೊಡ್ಡ ಟೋಪಿ, ಜೊತೆಗೊಂದು ಬಕೆಟ್ಟು. ಬಕೆಟ್ಟಿನಲ್ಲಿ ಅಂಟು. ತನಗೆ ತಾನೇ ಇಟ್ಟುಕೊಂಡ ಬಿರುದು ಪೇಸ್ಟ್ ಪಾಟ್ ಪೀಟ್. ನಮ್ಮಲ್ಲಿ ಹೇಳುವುದಾದರೆ 'ಅಂಟಿನ ಗಡಿಗೆ ಪೀಟ'. ಎದುರಿಗೆ ಮೈಯೆಲ್ಲ ಬೆಂಕಿಯಾಗಿ ಹಾರುವ ಹುಡುಗ. ಈ ಕಡೆ ಗೋಡೆಗೆ ಪೋಸ್ಟರ್ ಹಚ್ಚಲು ಹೊರಟವನಂಥ ಖಳ!

ಇನ್ನು ಸುಳಿವು: 1964ರ ಜುಲೈಯ 'ಅವೆಂಜರ್ಸ್' 6ನೇ ಸಂಚಿಕೆ. ಅಷ್ಟು ಸಾಕು.

ರದ್ದಿ ಅಂಗಡಿ ರಸಿಕ:
ಓಹೋ, ಬ್ಯಾರನ್ ಜೀಮೋ! ಗೊತ್ತಿಲ್ಲದವರಿಗೆ ಎರಡು ಮಾತು. ಜೀಮೋ ನಾಜಿ ವಿಜ್ಞಾನಿ. ಅವನ ಅಂಟಿನ ಹೆಸರು ಅಡ್ಹೀಸಿವ್ ಎಕ್ಸ್. ಯಾವುದರಿಂದಲೂ ಕರಗದು ಎಂದು ಅವನ ಜಂಬ. ಅದನ್ನು ಊರ ಮೇಲೆ ಸುರಿಸಿದಾಗ ಅವೆಂಜರ್ಸ್ ತಂಡದ ವೀರರೇ ಪೇಚಿಗೆ ಬಿದ್ದರು. ಆಗ ನೆನಪಾದವನು ಪೀಟ, ಜೈಲಿನಲ್ಲಿದ್ದ. ಅಂಟಿನ ಮರ್ಮ ಗೊತ್ತಿದ್ದವನು ಅವನೊಬ್ಬನೇ. ಬೇಗ ಬಿಡುಗಡೆ ಸಿಕ್ಕೀತೆಂಬ ಆಸೆಯಿಂದ ಕರಗಿಸುವ ದ್ರಾವಣ ಕೊಟ್ಟ. ತಗೊಳ್ಳಿ:

ಗಂಟಲವರೆಗೂ ಸಿಕ್ಕಿದ ವೀರರು
ಒಂಟಿಯ ಕೋಣೆಯ ಕೈದಿಯ ಕೇಳಲು
ನಂಟನು ಬೇಡದೆ ಬಿಡುಗಡೆ ಬೇಡಿದ
ಅಂಟಿನ ಕೈಯೇ ಅಂಟನು ಬಿಡಿಸಿತು

ಪೃಚ್ಛಕ:
ಶಹಬ್ಬಾಸ್! ಮೂರನೇ ಸಾಲಿಗೆ ಪೂರ್ತಿ ಅಂಕ. 'ನಂಟನು ಬೇಡದೆ ಬಿಡುಗಡೆ ಬೇಡಿದ' ಅಂದಕೂಡಲೇ ಪೀಟನ ಗುಣ ಗೊತ್ತಾಗುತ್ತದೆ. ಅವನು ಒಳ್ಳೆಯವನಾಗಿ ಬದಲಾಗಲಿಲ್ಲ, ಸುಮ್ನೆ ವ್ಯಾಪಾರ ಮಾಡಿದ. ಗಂಟಲವರೆಗೂ ಅಂಟು ಏರಲಿಲ್ಲ ಅನ್ನುವುದು ಬೇರೆ ಮಾತು.

ರದ್ದಿ ಅಂಗಡಿ ರಸಿಕ:
ಪ್ರಾಸ ಕೇಳಿದಷ್ಟು ಏರಿಸಿದೆ.

ಕಂದಪದ್ಯದ ಕಂದ:
ಗುರುಗಳೇ, ಇದನ್ನೇ ಕಂದದಲ್ಲಿ ತುಂಬಬಹುದಾ? ಚೌಪದಿ ಬರೆದೂ ಬರೆದೂ ಬೇಜಾರಾಗಿದೆ.

ಮಾತ್ರೆ ಎಣಿಸೋ ಅಕ್ಕ:
ಆಗುವುದಿಲ್ಲ ಕಂದ. ಕಂದದ ನಾಲ್ಕನೇ ಸಾಲಿಗೆ 20 ಮಾತ್ರೆ ಬೇಕು, ಇಲ್ಲಿರುವುದು 16. ನಾಲ್ಕು ಮಾತ್ರೆಯನ್ನು ಹೇಗೋ ಕೊನೆಗೆ ತಂದು ಅಂಟಿಸಿದೆ ಅನ್ನು. ಆದರೂ ಆ ಸಾಲಿನ ಮೂರನೇ ಗಣ ಜಗಣವೋ (ನಡುವೆ ಗುರು) ಸರ್ವಲಘುವೋ (ನಾಲ್ಕೂ ಲಘು) ಆಗಬೇಕು. ಅಲ್ಲಿ 'ಅಂಟನು' ಕೂತಿದೆ, ಗುರು ಮೊದಲು. ಏಳು ಅಂದರೆ ಏಳುತ್ತದೆಯೇ? ಹೆಸರೇ ಅಂಟು.

ಹಲಸುಪ್ರಿಯ:
ನನಗೊಂದು ಸಂಶಯ. ಈ ಜೀಮೋ ಯಾವಾಗಲೂ ಮುಸುಕು ಹಾಕಿಕೊಂಡೇ ಇರುತ್ತಾನಲ್ಲ, ಯಾಕೆ?

ರದ್ದಿ ಅಂಗಡಿ ರಸಿಕ:
ಅದೇ ಅಂಟು ಮಾರಾಯ್ರೇ! ಯುದ್ಧದ ಕಾಲದಲ್ಲಿ ಕ್ಯಾಪ್ಟನ್ ಅಮೆರಿಕನ ಗುರಾಣಿ ಬಡಿದು ಅಂಟಿನ ತೊಟ್ಟಿ ಒಡೆಯಿತು. ಅಂಟು ಜೀಮೋನ ಮುಸುಕಿನ ಮೇಲೆ ಸುರಿಯಿತು, ಮುಸುಕು ಮುಖಕ್ಕೇ ಹಿಡಿಯಿತು. ಆಮೇಲೆ ತೆಗೆಯಲಾಗಲೇ ಇಲ್ಲ. 1965ರಲ್ಲಿ, 'ಅವೆಂಜರ್ಸ್' 15ನೇ ಸಂಚಿಕೆಯಲ್ಲಿ, ಬಂಡೆಗಳ ಕೆಳಗೆ ಸಿಕ್ಕಿ ಸತ್ತ. ಆಗಲೂ ಮುಸುಕು ಮುಖದ ಮೇಲೆಯೇ.

ಹಲಸುಪ್ರಿಯ:
ತಾಳಿ. ದ್ರಾವಣ ಪೀಟನ ಹತ್ತಿರ ಇತ್ತಲ್ಲ? ಹೋಗಿ ಒಂದು ಬಾಟಲಿ ಕೇಳಿದ್ದರೆ ಆಗುತ್ತಿತ್ತು!

ಕಂಟಕ ಜೀಮೋ ಮುಸುಕನು ಹೊತ್ತೇ
ಅಂಟಿನ ಪೀಟನ ಮರೆತೇ ಹೋದನು

ಸಮಸ್ಯೆಯ ಸಾಲು ಇಲ್ಲ, ಗೊತ್ತು. ಬಿಟ್ಟಿ ದ್ವಿಪದಿ ಅಂದುಕೊಳ್ಳಿ.

ಪೃಚ್ಛಕ:
ಬಿಟ್ಟಿಯಾದರೂ ಗಟ್ಟಿ. ಮೊದಲ ಪದ್ಯದ ಅಜ್ಜಿಯನ್ನು ಮನ್ನಿಸಲಾಗಿದೆ.

ಕಂದಪದ್ಯದ ಕಂದ:
ನನಗನಿಸೋದು ಬೇರೆ. ಜೀಮೋಗೆ ಮುಸುಕು ಅಂಟಿತು, ಪೀಟನಿಗೆ ಹೆಸರು ಅಂಟಿತು. 1965ರ ಮಾರ್ಚಿನಲ್ಲಿ, 'ಫೆಂಟಾಸ್ಟಿಕ್ ಫೋರ್' 36ನೇ ಸಂಚಿಕೆಯಲ್ಲಿ, ಅವನು ವಿಝಾರ್ಡ್, ಸ್ಯಾಂಡ್‌ಮ್ಯಾನ್, ಮೆಡೂಸಾ ಜೊತೆ ಸೇರಿ ಫ್ರೈಟ್‌ಫುಲ್ ಫೋರ್ ಎಂಬ ಖಳರ ತಂಡ ಕಟ್ಟಿದ. ಮರಳಾಗುವವನು ಒಬ್ಬ, ಕೂದಲಿನಿಂದಲೇ ಹೊಡೆಯುವವಳು ಒಬ್ಬಳು, ನಡುವೆ ಗಡಿಗೆ ಪೀಟ! ಅವನಿಗೇ ನಾಚಿಕೆಯಾಗಿರಬೇಕು. ಎರಡೇ ಸಂಚಿಕೆ ಕಳೆದು, 38ರಲ್ಲಿ, ಟ್ರ್ಯಾಪ್‌ಸ್ಟರ್ (ಬಲೆಗೆ ಬೀಳಿಸುವವನು) ಎಂದು ಹೆಸರು ಬದಲಿಸಿಕೊಂಡ. ಯಾರು ಕೇಳಬೇಕು? ಹಳೇ ಹೆಸರು ಗೊತ್ತಾದಾಗ ಸ್ಪೈಡರ್‌ಮ್ಯಾನ್ ಬಿದ್ದು ಬಿದ್ದು ನಕ್ಕ. ಪಾಪ, ಆ ನಗು ಇವತ್ತಿಗೂ ಅವನ ಬೆನ್ನು ಬಿಟ್ಟಿಲ್ಲ. ಸಾಲು ಬದಲಿಸಿದ್ದೇನೆ, ಬೈಯಬೇಡಿ:

ಗಂಟಲು ಬಿರಿಯೆ ಟ್ರ್ಯಾಪ್‌ಸ್ಟರ್ ಎನ್ನಲು
ತುಂಟನು ಜೇಡನು ಬಿದ್ದೇ ನಕ್ಕನು
ತಂಟೆಯ ಬಕೆಟನು ಬಿಸುಟೂ ಪೀಟನು
ಅಂಟಿದ ಹೆಸರನು ಕರಗಿಸಲಾರನು

ರದ್ದಿ ಅಂಗಡಿ ರಸಿಕ:
ಅಯ್ಯೋ, ನನ್ನದಕ್ಕಿಂತ ಇದೇ ಚೆನ್ನಾಗಿದೆ. ಊರಿನ ಅಂಟು ಬಿಡಿಸಿದವನಿಗೆ ತನ್ನದನ್ನು ಬಿಡಿಸಿಕೊಳ್ಳಲು ಆಗಲಿಲ್ಲ.

ಪೃಚ್ಛಕ:
ನಿಯಮದ ಪ್ರಕಾರ ಇದು ಪೂರಣವಲ್ಲ, ಹಾಗಾಗಿ ಬಹುಮಾನ ರಸಿಕರಿಗೇ. ಆದರೆ ನಾಳೆ ಬೆಳಿಗ್ಗೆ ಹಲ್ಲುಜ್ಜುವಾಗ ನನ್ನ ಬಾಯಿಗೆ ಬರುವುದು ಕಂದನ ಪದ್ಯ.

ಹಲಸುಪ್ರಿಯ:
ಒಂದು ನಿಮಿಷ. ನಾನೂ ಈಗ ಮಾತ್ರೆ ಎಣಿಸಲು ಕಲಿತಿದ್ದೇನೆ. 'ಬಿರಿಯೆ'ಗೆ ಮೂರೇ ಮಾತ್ರೆ ಅಲ್ವಾ? ಮೊದಲ ಸಾಲು 15ಕ್ಕೇ ನಿಂತಿತು!

ಮಾತ್ರೆ ಎಣಿಸೋ ಅಕ್ಕ:
ಎಣಿಕೆ ಸರಿ, ಆದರೆ ಪಕ್ಕದವನನ್ನು ನೋಡಲಿಲ್ಲ ನೀವು. ಮುಂದಿರುವುದು 'ಟ್ರ್ಯಾ', ಒತ್ತಕ್ಷರ. ಅದರ ಹಿಂದಿನ 'ಯೆ' ಗುರುವಾಗುತ್ತದೆ. ನಾಲ್ಕು ಮಾತ್ರೆ ಭರ್ತಿ. ಹಳೇ ಹೆಸರಿನ 'ಪೇ' ಇದ್ದಿದ್ದರೆ ಸಾಲು ಕುಂಟುತ್ತಿತ್ತು.

ಕಂದಪದ್ಯದ ಕಂದ:
ಅಂದರೆ ಹೆಸರು ಬದಲಿಸಿದ್ದಕ್ಕೆ ಪೀಟನಿಗೆ ಸಿಕ್ಕಿದ್ದು ಒಂದು ಮಾತ್ರೆ.