ಪದಚರ್ಚೆ: ‘ಶಿಯಾಂಗ್‌ಚಿನ್’ಗೆ ‘ಸಂಬಂಧ ನೋಡುವುದು’ ಆಗಬಹುದೇ?

ಬಳಗದವರಿಗೆ ನಮಸ್ಕಾರ.

ಶಾಂಘೈ ನಗರದ ಪೀಪಲ್ಸ್ ಪಾರ್ಕಿನ ಮದುವೆ ಸಂತೆಯ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಶನಿವಾರ, ಭಾನುವಾರ ವಯಸ್ಸಾದ ಅಪ್ಪ ಅಮ್ಮಂದಿರು ನೆಲದ ಮೇಲೆ ಕೊಡೆ ಬಿಚ್ಚಿಟ್ಟು, ಅದಕ್ಕೆ ಮಗನದೋ ಮಗಳದೋ ವಿವರದ ಹಾಳೆ ಸಿಕ್ಕಿಸಿ ಕೂತಿರುತ್ತಾರೆ. ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ ಇದೆಯೇ, ಶಾಂಘೈನಲ್ಲೇ ಖಾಯಂ ನಿವಾಸದ ನೋಂದಣಿ, ಅಂದರೆ ‘ಹುಕೋವ್’, ಇದೆಯೇ. ಮದುವೆಯಾಗಬೇಕಾದವರು ಮಾತ್ರ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ತಮ್ಮ ಹೆಸರಲ್ಲಿ ಕೊಡೆ ಬಿಚ್ಚಿರುವುದೇ ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ಈ ಜಾಗಕ್ಕೆ ‘ಶಿಯಾಂಗ್‌ಚಿನ್ ಜ್ಯಾವ್’ ಎನ್ನುತ್ತಾರೆ. ‘ಜ್ಯಾವ್’ ಅಂದರೆ ಮೂಲೆ, ಅದರಲ್ಲಿ ತಕರಾರಿಲ್ಲ. ತೊಡಕಿರುವುದು ‘ಶಿಯಾಂಗ್‌ಚಿನ್’ನಲ್ಲಿ.

‘ಹೆಣ್ಣು ನೋಡುವುದು’ ಎಂದರೆ ಓದುವವರ ಮನಸ್ಸು ನೇರ ಉಪ್ಪಿಟ್ಟು, ಕೇಸರಿಬಾತಿಗೆ ಹೋಗುತ್ತದೆ. ಸಾಲದ್ದಕ್ಕೆ ಆ ಪಾರ್ಕಿನಲ್ಲಿ ಹೆಣ್ಣು ಹೆತ್ತವರ ಕೊಡೆಗಳೇ ಹೆಚ್ಚು. ‘ಶಿಯಾಂಗ್’ ಅಂದರೆ ಇಲ್ಲಿ ಖುದ್ದಾಗಿ ನೋಡಿ ಅಳೆದು ತೂಗುವುದು. ‘ಚಿನ್’ ಅಂದರೆ ನೆಂಟಸ್ತಿಕೆ. ನೋಡುವುದು ಹುಡುಗಿಯನ್ನಲ್ಲ, ಹುಡುಗನನ್ನೂ ಅಲ್ಲ, ನೆಂಟಸ್ತಿಕೆಯನ್ನು. ನಮ್ಮ ‘ಸಂಬಂಧ ನೋಡುವುದು’ ಅಚ್ಚುಕಟ್ಟಾಗಿ ಕೂರುತ್ತದೆ ಅಂತ ನನಗನ್ನಿಸುತ್ತದೆ.

ಆದರೆ ಕನ್ನಡದಲ್ಲಿ ಸಂಬಂಧ ನೋಡುವವರು ಹಿರಿಯರು. ಚೀನಾದಲ್ಲಿ ಈಗ ಅತ್ತೆಯೋ ಚಿಕ್ಕಮ್ಮನೋ ಗೊತ್ತುಮಾಡಿದ ಹುಡುಗನನ್ನು ಒಬ್ಬಳೇ ಕಾಫಿ ಅಂಗಡಿಯಲ್ಲಿ ಭೇಟಿಯಾಗುವ ಹುಡುಗಿಯೂ ‘ನಾಳೆ ಶಿಯಾಂಗ್‌ಚಿನ್‌ಗೆ ಹೋಗಬೇಕು’ ಎನ್ನುತ್ತಾಳೆ. ಅವಳ ಬಾಯಲ್ಲಿ ‘ನಾಳೆ ಸಂಬಂಧ ನೋಡೋಕೆ ಹೋಗಬೇಕು’ ಎಂದು ಹಾಕಿದರೆ ಅವಳಿಗೆ ಐವತ್ತು ವಯಸ್ಸಾಗಿಬಿಡುತ್ತದೆ!

‘ಅರೇಂಜ್ಡ್ ಮ್ಯಾರೇಜ್’ ಎಂದು ಬರೆದು ಕೈತೊಳೆದುಕೊಳ್ಳಿ ಎಂದರು ಒಬ್ಬ ಗೆಳೆಯರು. ಅದು ಸಲ್ಲದು. ಹೆತ್ತವರೇ ಪೂರ್ತಿ ಗುತ್ತಿಗೆ ಹಿಡಿದು ಮುಗಿಸುವ ಮದುವೆಗೆ ಚೀನೀ ಭಾಷೆಯಲ್ಲಿ ‘ಬಾವ್‌ಬಾನ್’ ಎಂಬ ಬೇರೆಯೇ ಮಾತಿದೆ, ಅದನ್ನು 1950ರ ವಿವಾಹ ಕಾನೂನು ನಿಷೇಧಿಸಿತು, 2021ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯೂ ನಿಷೇಧಿಸುತ್ತದೆ. ಹಿಂದಿನ ಕ್ರಮ ‘ತಂದೆತಾಯಿಯ ಅಪ್ಪಣೆ, ಮಧ್ಯಸ್ಥರ ಮಾತು’. ಇದು ಪ್ರಾಚೀನ ಚೀನಾದ ತತ್ತ್ವಜ್ಞಾನಿ ಮೆನ್ಸಿಯಸ್‌ನ ಗ್ರಂಥದಲ್ಲೇ ಬರುತ್ತದೆ. ಈ ಅಪ್ಪಣೆಗೂ ಮಾತಿಗೂ ಕಾದು ನಿಲ್ಲದೆ ಗೋಡೆಗೆ ಕಂಡಿ ಕೊರೆದು ಇಣುಕುವವರನ್ನು, ಗೋಡೆ ಹಾರುವವರನ್ನು ಹೆತ್ತವರೂ ಊರವರೂ ಹೀನವಾಗಿ ಕಾಣುತ್ತಾರೆ ಅನ್ನುತ್ತಾನೆ. ಈಗ ಅಪ್ಪಣೆ ಹೋಗಿ ಹುಡುಕಾಟ ಉಳಿದಿದೆ. ಕೊಡೆ ಹಿಡಿದು ಕೂತವರಿಗೆ ಕೊನೆಯ ಮಾತು ಹೇಳುವ ಅಧಿಕಾರವಿಲ್ಲ.

ಮಧ್ಯಸ್ಥರ ವಿಷಯದಲ್ಲಿ ಇನ್ನೊಂದು ಪೇಚು. ಚೀನಾದ ಪ್ರಾಚೀನ ಕಾವ್ಯಸಂಗ್ರಹ ‘ಶಿಜಿಂಗ್’ನ ಒಂದು ಹಾಡು, ಕೊಡಲಿಯಿಲ್ಲದೆ ಕೊಡಲಿಕಾವು ಕಡಿಯಲಾಗದು, ಮಧ್ಯಸ್ಥರಿಲ್ಲದೆ ಹೆಂಡತಿ ಸಿಗಳು ಎನ್ನುತ್ತದೆ. ಅದರಿಂದಾಗಿ ಮದುವೆ ಕುದುರಿಸುವವರಿಗೆ ‘ಕಾವು ಕಡಿಯುವವರು’ ಎಂಬ ಹಳೆಯ ಹೆಸರೇ ಇದೆ. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಕೇಳಿ ಬೆಳೆದ ನಮಗೆ ಇದನ್ನು ಹಾಗೇ ಕೊಟ್ಟರೆ ಮದುವೆ ಮುರಿಯುವವರೇ ನೆನಪಾದಾರು. ಇಲ್ಲಿ ಸುಮ್ಮನೆ ‘ಮಧ್ಯಸ್ಥರು’ ಎಂದು ಬಿಟ್ಟಿದ್ದೇನೆ. ದುಡ್ಡು ಪಡೆದು ಪಾರ್ಕಿನಲ್ಲಿ ಪಟ್ಟಿ ಹಿಡಿದು ಕೂರುವವರಿಗೆ ‘ದಲ್ಲಾಳಿ’ ಸಾಕು.

‘ಚ್ವೇಹುನ್’, ಅಂದರೆ ಯಾವಾಗ ಮದುವೆ ಎಂದು ಮಕ್ಕಳ ಬೆನ್ನು ಬೀಳುವುದು, ‘ಮದುವೆ ವರಾತ’ ಆಯಿತು. ಇದನ್ನು ಮಾತ್ರ ಯಾರು ಹೇಳಿದರೂ ಬದಲಿಸುವುದಿಲ್ಲ.

ಕೇಳಬೇಕಿರುವುದು ಇಷ್ಟೇ: ಹುಡುಗ ಹುಡುಗಿಯೇ ಹೇಳಿಕೊಳ್ಳಬಹುದಾದ, ಆದರೆ ಮನೆಯವರ ಕೈವಾಡವನ್ನೂ ಬಿಟ್ಟುಕೊಡದ ಮಾತು ನಿಮ್ಮ ಕಡೆ ಇದೆಯೇ? ಧಾರವಾಡದ ಕಡೆಯ ‘ಕನ್ಯಾ ನೋಡೂದು’ ಗೊತ್ತು, ಅದೂ ಒಂದೇ ಕಡೆಯದು. ಕರಾವಳಿಯವರು, ಹವ್ಯಕರು ಏನನ್ನುತ್ತೀರಿ? ಸಿಗದಿದ್ದರೆ ಅಪ್ಪ ಅಮ್ಮಂದಿರಿಗೆ ‘ಸಂಬಂಧ ನೋಡುವುದು’, ಮಕ್ಕಳಿಗೆ ‘ಶಿಯಾಂಗ್‌ಚಿನ್’ ಎಂದೇ ಇಟ್ಟುಬಿಡುವ ಯೋಚನೆಯಿದೆ.