ನೀರಿನ ಜೀವಿಗಳನ್ನು ಮಕ್ಕಳಿಗೆ ಪರಿಚಯಿಸುವುದು ಎಲ್ಲಿಂದ?

ಕಾರಟಗಿಯ ಶಿಕ್ಷಕಿ:
ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನಂಬಿ ಭತ್ತ ಬೆಳೆಯುವ ಊರು. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳು ನೀರಿನ ನಡುವೆಯೇ ಬೆಳೆದವರಾದರೂ, ಅದರಲ್ಲಿ ಏನೇನು ಬದುಕುತ್ತದೆ ಎಂದು ಕೇಳಿದರೆ ಮೀನು, ಕಪ್ಪೆ, ಮೊಸಳೆ ಎಂದು ಹೇಳಿ ಸುಮ್ಮನಾಗುತ್ತಾರೆ. ಜಲಾಶಯಕ್ಕೆ ಪ್ರವಾಸ ಒಯ್ಯಿರಿ ಎನ್ನುವುದು ಪೋಷಕರ ಸಲಹೆ. ಶಾಲೆಯಲ್ಲೇ ಗಾಜಿನ ತೊಟ್ಟಿ ಇಟ್ಟು ಬಣ್ಣದ ಮೀನು ಸಾಕೋಣ ಎನ್ನುವುದು ಸಹೋದ್ಯೋಗಿಗಳದು. ಗಿಡ, ಹುಳ, ಮೀನು, ಹಕ್ಕಿಗಳ ನಡುವಿನ ನಂಟು ಯಾವುದರಿಂದ ಮಕ್ಕಳಿಗೆ ಅರ್ಥವಾದೀತು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಸಿಂಧನೂರಿನ ನಿವೃತ್ತ ವಿಜ್ಞಾನ ಶಿಕ್ಷಕ:
ಮೇಡಂ, ಎರಡೂ ಬೇಡ. ಜಲಾಶಯಕ್ಕೆ ಹೋದ ಮಕ್ಕಳು ಕ್ರಸ್ಟ್ ಗೇಟು ಮತ್ತು ಉದ್ಯಾನ ನೋಡಿ ಬರುತ್ತಾರೆ. ಬಣ್ಣದ ಮೀನಿನ ತೊಟ್ಟಿಯಲ್ಲಿ ಆಹಾರ ಹಾಕುವವರೂ ನಾವೇ, ಮೋಟಾರಿನಿಂದ ಗಾಳಿ ಊದಿಸುವವರೂ ನಾವೇ ಆದ್ದರಿಂದ, ಒಂದು ಜೀವ ಇನ್ನೊಂದನ್ನು ನೆಚ್ಚಿಕೊಂಡಿರುವುದು ಅಲ್ಲಿ ಕಾಣುವುದೇ ಇಲ್ಲ.

ಊರ ಕೆರೆಯ ಆಳವಿಲ್ಲದ ಅಂಚಿನಲ್ಲಿ, ಆಪಿನ (ಜೊಂಡು ಹುಲ್ಲಿನ) ಬುಡದಿಂದ ನೀವೇ ಒಂದು ತಂಬಿಗೆ ನೀರು ತೆಗೆದು ಬಿಳಿಯ ತಟ್ಟೆಗೆ ಸುರಿಯಿರಿ; ಕೆಸರು ತಳಕ್ಕಿಳಿಯುವವರೆಗೆ ಮಕ್ಕಳನ್ನು ಸುತ್ತ ಕೂರಿಸಿ. ಮೊದಲು ಕೊಂಕುತ್ತ ಈಜುವ ಸೊಳ್ಳೆಯ ಮರಿಗಳು ಕಾಣುತ್ತವೆ. ಆಮೇಲೆ ಕೆಸರಿನದೇ ಬಣ್ಣದ, ಆರು ಕಾಲಿನ ಒಂದು ಹುಳ ಅಲುಗಬಹುದು. ಅದು ಏರೋಪ್ಲೇನ್ ಚಿಟ್ಟೆಯ ಮರಿ. ಮುಖದಡಿ ಮಡಚಿಟ್ಟುಕೊಂಡ ತುಟಿಯನ್ನು ಥಟ್ಟನೆ ಚಾಚಿ ಸೊಳ್ಳೆಮರಿಯನ್ನು ಹಿಡಿಯುತ್ತದೆ, ಬೆದರಿದರೆ ಹಿಂಬದಿಯಿಂದ ನೀರು ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ. ಇದನ್ನು ಕಂಡ ಮಕ್ಕಳು ಗಂಟೆ ಹೊಡೆದರೂ ಏಳುವುದಿಲ್ಲ.

ಸಸ್ಯಗಳ ವಿಷಯಕ್ಕೆ ನೀರಿನೊಳಗೇ ಬೆಳೆಯುವ ಹೈಡ್ರಿಲ್ಲಾ ಗಿಡದ ಎರಡು ಎಳೆ ಸಾಕು. ಗಾಜಿನ ಭರಣಿಯಲ್ಲಿ ಕೆರೆ ನೀರು ತುಂಬಿ, ಎಳೆಗಳನ್ನು ಮುಳುಗಿಸಿ ಬಿಸಿಲಿಗಿಟ್ಟರೆ ಸಣ್ಣ ಗುಳ್ಳೆಗಳು ಏಳುತ್ತವೆ, ಅದು ಆಮ್ಲಜನಕ. ರಾತ್ರಿ ಬೆಳಕಿಲ್ಲದಾಗ ಗಿಡವೂ ಪಾಚಿಯೂ ಆಮ್ಲಜನಕವನ್ನು ಬಳಸುತ್ತವೆಯೇ ಹೊರತು ಕೊಡುವುದಿಲ್ಲವಾದ್ದರಿಂದ, ನಸುಕಿನಲ್ಲಿ ಅದು ತೀರ ಕಡಿಮೆಯಾಗಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಮೀನು ಹಿಡಿಯುವವರ ಮನೆಯ ಮಕ್ಕಳು ಇದನ್ನು ನೋಡಿಯೇ ಇರುತ್ತಾರೆ. ಕಾರಣವನ್ನು ಮೊದಲು ಅವರಿಂದಲೇ ಕೇಳಿ. ಅಂತರಗಂಗೆ ಕೆರೆಯನ್ನೆಲ್ಲ ಮುಚ್ಚಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಆಗ ಕೇಳಬಹುದು: ಬೆಳಕು ಒಳಗಿಳಿಯದೆ ಕೆಳಗಿನ ಗಿಡಗಳು ಸಾಯುತ್ತವೆ.

ಕಂಪ್ಲಿಯ ಓದುಗ:
ಗುರುಗಳ ಮಾತು ಸರಿ, ಆದರೆ ನದಿಯನ್ನು ಪೂರ್ತಿ ಕೈಬಿಡಬೇಡಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ನೀರುನಾಯಿಯೇ ಕಾಣಬೇಕೆಂದಿಲ್ಲ, ಬಂಡೆಯ ಮೇಲಿನ ಅದರ ಹಿಕ್ಕೆಯಲ್ಲಿ ಮೀನಿನ ಹುರುಪೆ ಹೊಳೆಯುವುದನ್ನು ತೋರಿಸಿದರೆ ಯಾರು ಯಾರನ್ನು ತಿನ್ನುತ್ತಾರೆ ಎಂಬುದು ತಾನೇ ತಿಳಿಯುತ್ತದೆ. ಆದರೆ ಮಕ್ಕಳು ಹೊಳೆಗೆ ಇಳಿಯಕೂಡದು: ಮೊಸಳೆಗಳಿವೆ, ಜಲಾಶಯದಿಂದ ನೀರು ಬಿಟ್ಟಾಗ ಹೊಳೆ ಬೇಗ ಏರುತ್ತದೆ. ಕಾಲುವೆಯ ಪಾಚಿಗಟ್ಟಿದ ಸಿಮೆಂಟ್ ಇಳಿಜಾರಂತೂ ಇನ್ನೂ ಅಪಾಯ.

ಕಾರಟಗಿಯ ಶಿಕ್ಷಕಿ:
ಇಬ್ಬರಿಗೂ ಧನ್ಯವಾದಗಳು. ಮಕ್ಕಳು ಗೊದಮೊಟ್ಟೆಗಳನ್ನು ಶಾಲೆಗೆ ತರಲು ಹಟ ಹಿಡಿದರೆ ಒಪ್ಪಬಹುದೇ? ಭತ್ತದ ಗದ್ದೆಯಲ್ಲಿ ಅವು ಧಾರಾಳವಾಗಿವೆ.

ಸಿಂಧನೂರಿನ ನಿವೃತ್ತ ವಿಜ್ಞಾನ ಶಿಕ್ಷಕ:
ನಾಲ್ಕೈದು ಮಾತ್ರ ತರಲಿ, ಆದರೆ ಔಷಧಿ ಹೊಡೆದ ಗದ್ದೆಯಿಂದ ಬೇಡ. ಕ್ಲೋರಿನ್ ಹಾಕಿದ ನಳದ ನೀರಿಗೆ ಅವು ಉಳಿಯುವುದಿಲ್ಲ. ಹಿಡಿದ ಜಾಗದ ನೀರನ್ನೇ ಅಗಲ ಬಾಯಿಯ ಪಾತ್ರೆಗೆ ತುಂಬಿ ನೆರಳಿನಲ್ಲಿಡಿ. ಪಾಚಿಯ ಜೊತೆಗೆ ಬೇಯಿಸಿದ ಪಾಲಕ್‌ ಎಲೆಯ ಚೂರು ಹಾಕಿದರೆ ತಿನ್ನುತ್ತವೆ. ಕಾಲು ಮೂಡಿದ ಮೇಲೆ ನೀರಿನಿಂದ ಹೊರಚಾಚಿದ ಒಂದು ಕಲ್ಲು ಇಡಲೇಬೇಕು. ಬಾಲ ಕರಗುವ ಹೊತ್ತಿಗೆ ಅವು ಶ್ವಾಸಕೋಶದಿಂದ ಉಸಿರಾಡತೊಡಗುವುದರಿಂದ, ಹತ್ತಿ ಕೂರಲು ಜಾಗವಿಲ್ಲದಿದ್ದರೆ ಮುಳುಗಿ ಸಾಯುತ್ತವೆ. ಕಪ್ಪೆಯಾದ ಮೇಲೆ ತಂದ ಜಾಗದಲ್ಲೇ ಬಿಡಿಸಿ. ಯಾರಾದರೂ ಅಂಗಡಿಯ ಬಣ್ಣದ ಮೀನು ತಂದುಕೊಟ್ಟರೆ ಅದನ್ನು ಮಾತ್ರ ಎಂದಿಗೂ ಕೆರೆಗೆ ಬಿಡಬೇಡಿ.